ಒಪ್ಪಂದಕ್ಕೆ ಸಹಿ ಬಿದ್ದಿದೆ, ಹುಡುಗ ಮಾತ್ರ ಶೆಡ್ಡಿನಲ್ಲೇ ಇದ್ದಾನೆ

ಪ್ರಶ್ನೆ: ನಾನು ಶಿಡ್ಲಘಟ್ಟದ ಹತ್ತಿರ ಶಿಕ್ಷಕಿ. ಏಳನೇ ತರಗತಿಯ ಹುಡುಗನೊಬ್ಬ ದಸರಾ ರಜೆ ಮುಗಿದರೂ ಶಾಲೆಗೆ ಬರಲಿಲ್ಲ. ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಾನಂತೆ. ಮನೆಯವರು ಮುಂಗಡ ತಗೊಂಡಿದ್ದಾರಂತೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದವನ್ನು ಭಾರತ ಒಪ್ಪಿದೆ ಅಂತ ನಾನೇ ಪಾಠ ಮಾಡಿದ್ದೇನೆ. ಪಾಲಿಸದಿದ್ದರೆ ಕೇಳುವವರು ಯಾರು ಸಾರ್?

ಉತ್ತರ: ಮೇಡಂ, ಹೊರಗಿನಿಂದ ಬಂದು ಕಿವಿ ಹಿಂಡುವವರು ಯಾರೂ ಇಲ್ಲ. ಜಿನೀವಾದಲ್ಲಿ 18 ತಜ್ಞರ ಸಮಿತಿ ಇದೆ. ದೇಶಗಳು ಅದಕ್ಕೆ ವರದಿ ಕೊಡಬೇಕು. ಅದು ಪ್ರಶ್ನೆ ಕೇಳುತ್ತದೆ, ಶಿಫಾರಸು ಬರೆಯುತ್ತದೆ. ದಂಡ ಹಾಕುವ ಅಧಿಕಾರ ಇಲ್ಲ.

ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿತು. ಆದರೆ ಮಕ್ಕಳ ದುಡಿಮೆಯ 32ನೇ ವಿಧಿಯನ್ನು ಹಂತ ಹಂತವಾಗಿ ಜಾರಿ ಮಾಡುತ್ತೇವೆ ಎಂದು ಆಗಲೇ ಹೇಳಿಬಿಟ್ಟಿತು. 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಅಂತ ಕಾನೂನು ತಿದ್ದಿದ್ದು 2016ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರೇ ದುಡಿದು ದೊಡ್ಡದಾಯಿತು. ಅದರಲ್ಲೂ, ಅಪಾಯದ ಕೆಲಸ ಅಲ್ಲದಿದ್ದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರ ಕಸುಬಿಗೆ ನೆರವಾಗಬಹುದು ಎಂಬ ವಿನಾಯಿತಿ ಇಟ್ಟರು. ನನ್ನ ಪ್ರಕಾರ ಅದು ತಪ್ಪು. ಮನೆ ಹಿಂದೆಯೇ ಚರಕ ತಿರುಗುವ ಊರಿನಲ್ಲಿ ಯಾವ ಮಗು ಮನೆಯದು, ಯಾವುದು ಕೂಲಿಯದು ಅಂತ ಹೇಗೆ ಗುರುತಿಸುತ್ತಾರೆ? ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕುವ ಬೆರಳು ಯಾರದ್ದಾದರೂ ಬೊಬ್ಬೆ ಬರುತ್ತದೆ, ಚರ್ಮ ಸುಲಿಯುತ್ತದೆ, ಅಲ್ವಾ?

ಹಾಗಂತ ಒಪ್ಪಂದ ಸುಮ್ನೆ ಕಾಗದ ಅನ್ನಬೇಡಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇರಲಿಲ್ಲ. 1997ರ ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಭಾರತ ಒಪ್ಪಿದ್ದ ಮಹಿಳಾ ಹಕ್ಕುಗಳ ಒಪ್ಪಂದವನ್ನೇ ಆಧಾರ ಮಾಡಿಕೊಂಡು ನಿಯಮ ರೂಪಿಸಿತು. 2013ರಲ್ಲಿ ಕಾಯ್ದೆ ಬಂತು. ಒಪ್ಪಂದ ಊರು ತಲುಪುವುದು ಹೀಗೆ, ನಮ್ಮದೇ ಕೋರ್ಟು ಕಾನೂನಿನ ದಾರಿಯಲ್ಲಿ.

ಆದ್ದರಿಂದ ಜಿನೀವಾ ಕಡೆ ನೋಡಬೇಡಿ. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಶೆಡ್ ಎಲ್ಲಿದೆ, ಎಷ್ಟು ಹೊತ್ತು ಕೆಲಸ ಎಂದು ಬರೆಯಿರಿ. ಹುಡುಗನ ಜನ್ಮದಿನಾಂಕ, ಹಾಜರಾತಿ ನಿಮ್ಮ ಶಾಲೆಯಲ್ಲೇ ಇವೆ, ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20ರಿಂದ 50 ಸಾವಿರ ದಂಡ, ಅಥವಾ ಎರಡೂ ಆಗಬಹುದು. ಮುಂಗಡದ ವಿಷಯವನ್ನು ಖಂಡಿತ ಬರೆಯಿರಿ, ತಹಶೀಲ್ದಾರರಿಗೂ ಒಂದು ಪ್ರತಿ ಕೊಡಿ. ಅದು ಜೀತದ ಸಾಲ ಎಂದಾದರೆ, 1976ರ ಜೀತ ರದ್ದತಿ ಕಾಯ್ದೆ ಪ್ರಕಾರ ಆ ಮನೆಯವರು ಒಂದು ರೂಪಾಯಿಯನ್ನೂ ವಾಪಸ್ ಕೊಡಬೇಕಿಲ್ಲ. ಇದನ್ನು ಹುಡುಗನ ತಾಯಿಗೆ ನೀವೇ ಹೋಗಿ ಹೇಳಿ.