ಶಿವಮೊಗ್ಗ ಕಡೆ ಕೆರೆ, ಏರಿಳಿತ ಇದ್ದು ವಾಹನ ಕಡಿಮೆ ಇರುವ ಸೈಕಲ್ ದಾರಿ ಯಾವುದು?

ನನ್ನ ಮತ ಸಾಗರಕ್ಕೆ. ಗಾಜನೂರು ಹಿನ್ನೀರು ಚೆಂದವೇ, ಆದರೆ ಅದು ತೀರ್ಥಹಳ್ಳಿ ಹೆದ್ದಾರಿ. ಬಸ್ಸುಗಳ ಕಾಟ ಜಾಸ್ತಿ.

ಬೆಳಿಗ್ಗೆ ಬೇಗ ಸಾಗರದ ಗಣಪತಿ ಕೆರೆಯಿಂದ ಹೊರಡಿ. ಸುಮಾರು 6 ಕಿ.ಮೀ. ತುಳಿದರೆ ಇಕ್ಕೇರಿ. ಅಘೋರೇಶ್ವರ ದೇವಸ್ಥಾನದ ಎದುರಿನ ದೊಡ್ಡ ನಂದಿಯನ್ನು ನೋಡದೆ ಮುಂದೆ ಹೋಗಬೇಡಿ. ಆಮೇಲೆ ವರದಾ ನದಿ ಹುಟ್ಟುವ ವರದಾಮೂಲ. ಈ ಕಡೆ ರಸ್ತೆಗಳು ಅಡಿಕೆ ತೋಟದ ತಗ್ಗಿಗೆ ಇಳಿದು ಮತ್ತೆ ಏರುತ್ತವೆ. ಗೇರ್ ಇಲ್ಲದ ಸೈಕಲ್ ಆದರೆ ಅಲ್ಲಲ್ಲಿ ತಳ್ಳಬೇಕಾದೀತು. ಕಾಲಲ್ಲಿ ಇನ್ನೂ ಕಸುವಿದ್ದರೆ ವಾಪಸ್ ಬಂದು ಕೆಳದಿಗೂ ಹೋಗಬಹುದು.

ಸಿಗಂದೂರು ದಾರಿ ಬೇಡ. 2025ರಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲೆ ದಾಟಲು ಲಾಂಚ್‌ಗೆ ಕಾಯುವ ಕೆಲಸವಿಲ್ಲ, ಕಾರುಗಳು ಸೀದಾ ಬರುತ್ತವೆ.

ಮಳೆಗಾಲದಲ್ಲಿ ರಸ್ತೆ ಅಂಚು ಪಾಚಿ ಕಟ್ಟಿ ಜಾರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಮಂಜಿದ್ದರೆ ಲೈಟ್ ಹಾಕಿಕೊಳ್ಳಿ.