ಕ್ಯಾಂಬರ್ ಫುಲ್ ಇಟ್ರೂ ಕಾರ್ ಯಾಕೆ ನಿಲ್ತಿಲ್ಲ?

ಪ್ರಶ್ನೆ: ಸರ್, ಸಿಮ್ ರೇಸಿಂಗ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಆಡೋ ಕಾರ್ ರೇಸ್) ಜಿಟಿ3 ಅನ್ನೋ ವರ್ಗದ ರೇಸ್ ಕಾರ್ ಓಡಿಸ್ತೀನಿ. ನೆಗೆಟಿವ್ ಕ್ಯಾಂಬರ್, ಅಂದ್ರೆ ಚಕ್ರದ ಮೇಲ್ಭಾಗ ಒಳಗೆ ವಾಲಿರೋದು, ಜಾಸ್ತಿ ಇದ್ರೆ ಕಾರ್ನರ್‌ನಲ್ಲಿ ಗ್ರಿಪ್ ಅಂತ ಕೇಳಿ ಮುಂದಿನ ಚಕ್ರಗಳಿಗೆ ಸೆಟಪ್ ಎಷ್ಟು ಬಿಡತ್ತೋ ಅಷ್ಟೂ ಇಟ್ಟಿದೀನಿ. ಉದ್ದ ಕಾರ್ನರ್‌ನಲ್ಲಿ ಸೂಪರ್, ಆದ್ರೆ ಬ್ರೇಕ್ ಒತ್ತಿದ ತಕ್ಷಣ ಎಬಿಎಸ್ (ಬ್ರೇಕ್ ಹೊಡೆದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಬಡ್ಕೊಳ್ಳತ್ತೆ, ಕಾರ್ ನಿಲ್ಲಲ್ಲ. ಮುಂದಿನ ಟೈರ್ ಒಳಭಾಗ 104 ಡಿಗ್ರಿ, ಹೊರಭಾಗ 83. ಏನ್ ಮಾಡ್ಲಿ?

ಉತ್ತರ: ಕಾಯಿಲೆ ಏನು ಅಂತ ನೀವು ಕೊಟ್ಟಿರೋ ಆ ಎರಡು ನಂಬರೇ ಹೇಳ್ತಿವೆ. ಎಡಕ್ಕೆ ತಿರುಗಿದಾಗ ಬಾಡಿ ಬಲಕ್ಕೆ ವಾಲತ್ತೆ, ಭಾರ ಎಲ್ಲಾ ಬಲಗಡೆ ಟೈರ್ ಮೇಲೆ ಬಿದ್ದು ಅದರ ಹೊರ ಅಂಚು ಒತ್ತಿ ಒಳ ಅಂಚು ಎದ್ದೇಳೋಕೆ ನೋಡತ್ತೆ, ಅದಕ್ಕೇ ಚಕ್ರದ ಮೇಲ್ಭಾಗನ ಮೊದಲೇ ಒಳಗೆ ವಾಲಿಸಿ ಇಟ್ರೆ ಆ ಹೊತ್ತಿಗೆ ಟೈರ್ ಸಪಾಟಾಗಿ ಕೂರತ್ತೆ. ಆದ್ರೆ ಬ್ರೇಕ್ ಹೊಡೆಯೋದು ಹೆಚ್ಚಾಗಿ ನೇರ ಹೋಗುವಾಗ, ಆಗ ಅದೇ ಟೈರ್ ಬರೀ ಒಳ ಅಂಚಿನ ಮೇಲೆ ನಿಂತಿರತ್ತೆ. ನೆಲ ಹಿಡಿಯೋ ರಬ್ಬರ್ ಕಮ್ಮಿ, ಎಬಿಎಸ್ ಬೇಗ ಬರತ್ತೆ. ಒಳಗಡೆ ಸ್ವಲ್ಪ ಬಿಸಿ ಇರ್ಲೇಬೇಕು, 7ರಿಂದ 10 ಡಿಗ್ರಿ ವ್ಯತ್ಯಾಸ ಒಳ್ಳೇದು. ನಿಮ್ದು 21, ತೀರಾ ಜಾಸ್ತಿ ಆಯ್ತು.

ಮೊದ್ಲು ಪ್ರೆಶರ್ ಸರಿ ಮಾಡ್ಕೊಳಿ, ಟೈರ್ ನಡುಭಾಗ ಎರಡೂ ಅಂಚಿಗಿಂತ ಬಿಸಿ ಇದ್ರೆ ಗಾಳಿ ಜಾಸ್ತಿ ಅಂತ. ಆಮೇಲೆ ಕ್ಯಾಂಬರ್ 0.3 ಡಿಗ್ರಿಯಷ್ಟೇ ಕಮ್ಮಿ ಮಾಡಿ, ಟೈರ್ ಬಿಸಿಯಾಗೋವರೆಗೂ ನಾಲ್ಕೈದು ಲ್ಯಾಪ್ ಒಂದೇ ಥರ ಓಡಿಸಿ ನೋಡಿ, ನಡುವೆ ಬೇರೆ ಏನನ್ನೂ ಮುಟ್ಟಬೇಡಿ ದಯವಿಟ್ಟು, ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವ್ದರಿಂದ ಏನಾಯ್ತು ಗೊತ್ತೇ ಆಗಲ್ಲ. ಟೆಂಪರೇಚರ್‌ನ ಉದ್ದನೆ ಸ್ಟ್ರೇಟ್ ಮುಗಿದ ಮೇಲೆ ನೋಡ್ಬೇಡಿ, ಅಷ್ಟೊತ್ತಿಗೆ ಹೊರ ಅಂಚು ತಣ್ಣಗಾಗಿರತ್ತೆ. ಉದ್ದ ಕಾರ್ನರ್ ದಾಟಿದ ತಕ್ಷಣ ರೀಪ್ಲೇ ನಿಲ್ಲಿಸಿ, ಆ ತಿರುವಿನ ಹೊರಬದಿ ಟೈರ್‌ನ (ಎಡಕ್ಕೆ ತಿರುಗಿದ್ರೆ ಬಲಗಡೆದು) ನಂಬರ್ ನೋಡಿ. ಬಹಳ ಜನ ಎಡವೋದು ಇಲ್ಲೇ.

ಹಿಂದಿನ ಚಕ್ರಕ್ಕೆ ಮುಂದಿಗಿಂತ ಕಮ್ಮಿ ಕ್ಯಾಂಬರ್ ಸಾಕು, ಕಾರ್ನರ್‌ನಿಂದ ಆಕ್ಸಿಲರೇಟರ್ ಕೊಟ್ಟು ಹೊರಬರೋವಾಗ ಅವು ಪೂರ್ತಿ ನೆಲ ಹಿಡೀಬೇಕು. ಹೇರ್‌ಪಿನ್ (ಯು ಆಕಾರದ ತೀರಾ ಬಿಗಿ ತಿರುವು) ಜಾಸ್ತಿ ಇರೋ ಟ್ರ್ಯಾಕ್ ಆದ್ರೆ ಮುಂದಿನ ಕ್ಯಾಂಬರ್ ಕೂಡ ಇನ್ನೊಂಚೂರು ಇಳಿಸಿ, ವೇಗದ ಉದ್ದ ಕಾರ್ನರ್ ಜಾಸ್ತಿ ಇದ್ರೆ ಸ್ವಲ್ಪ ಏರಿಸಿ. ಕೆಲವು ಸಿಮ್‌ಗಳಲ್ಲಿ ಕ್ಯಾಂಬರ್ ಮುಟ್ಟಿದ್ರೆ ಟೋ (ಮೇಲಿಂದ ನೋಡಿದ್ರೆ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರೋ ಕೋನ) ಕೂಡ ಬದಲಾಗತ್ತೆ, ಪ್ರತಿ ಸಲ ಅದನ್ನೂ ಒಂದ್ಸಲ ನೋಡ್ಕೊಳಿ.