ಡೇಟಾಗ್ರಿಡ್ ಸಾಲಿನ ಬಟನ್ ಒತ್ತಿದರೂ ಕಮಾಂಡ್ ಓಡುವುದಿಲ್ಲ, ಏಕೆ?

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕಕ್ಕೆಂದು ಮಾಡಿದ ಡಬ್ಲ್ಯೂಪಿಎಫ್ (ವಿಂಡೋಸ್ ಆ್ಯಪ್‌ಗಳ ಪರದೆ ಕಟ್ಟುವ ಮೈಕ್ರೋಸಾಫ್ಟ್ ಚೌಕಟ್ಟು) ಪರದೆಯ ಡೇಟಾಗ್ರಿಡ್ ಕೋಷ್ಟಕದಲ್ಲಿ, ಪ್ರತಿ ಕಾಫಿ ಲಾಟಿನ ಪಕ್ಕದ 'ಅಳಿಸು' ಬಟನ್ ಕೆಲಸ ಮಾಡುತ್ತಿಲ್ಲ, ದೋಷವೂ ಕಾಣುತ್ತಿಲ್ಲ ಎಂದಿದ್ದೀರಿ.

ಕಾರಣ ಡೇಟಾಕಾಂಟೆಕ್ಸ್ಟ್, ಅಂದರೆ ಬೈಂಡಿಂಗ್ (ಪರದೆಯ ಅಂಶವನ್ನು ಕೋಡಿನ ಪ್ರಾಪರ್ಟಿಗೆ ಕಟ್ಟುವ ಕೊಂಡಿ) ತನಗೆ ಬೇಕಾದದ್ದನ್ನು ಹುಡುಕುವ ಆಬ್ಜೆಕ್ಟ್. ಸಾಲಿನೊಳಗೆ ಅದು ನಿಮ್ಮ ವ್ಯೂಮಾಡೆಲ್ (ಪರದೆಯ ಡೇಟಾ, ಕಮಾಂಡ್‌ಗಳಿರುವ ಕ್ಲಾಸ್) ಅಲ್ಲ, ಆ ಸಾಲಿನ ಲಾಟ್. ಬೈಂಡಿಂಗ್ ಲಾಟಿನ ಕ್ಲಾಸಿನಲ್ಲಿ 'ಡಿಲೀಟ್‌ಕಮಾಂಡ್' ಹುಡುಕುತ್ತದೆ, ಸಿಗದಿದ್ದರೆ ಸುಮ್ಮನಾಗುತ್ತದೆ. ವಿಷುಯಲ್ ಸ್ಟುಡಿಯೊದ ಔಟ್‌ಪುಟ್ ವಿಂಡೋ ತೆರೆಯಿರಿ, 'ಡೇಟಾ ಎರರ್: 40' ಅಲ್ಲಿ ಬಿದ್ದಿರುತ್ತದೆ. ಮೊದಲು ನೋಡಬೇಕಾದದ್ದೇ ಅದು.

ಸರಿಪಡಿಸಲು, ಬಟನ್‌ನಿಂದ ಮೇಲೆ ಹತ್ತಿ ಗ್ರಿಡ್ಡನ್ನು ಹುಡುಕುವಂತೆ ಬೈಂಡಿಂಗ್‌ನ ರಿಲೇಟಿವ್‌ಸೋರ್ಸ್‌ಗೆ ಆನ್ಸೆಸ್ಟರ್‌ಟೈಪ್ ಆಗಿ ಡೇಟಾಗ್ರಿಡ್ ಕೊಡಿ, ಪಾತ್ ಅನ್ನು 'ಡೇಟಾಕಾಂಟೆಕ್ಸ್ಟ್.ಡಿಲೀಟ್‌ಕಮಾಂಡ್' ಎಂದು ಬರೆಯಿರಿ. ಕಮಾಂಡ್‌ಪ್ಯಾರಾಮೀಟರ್‌ಗೆ ಪಾತ್ ಇಲ್ಲದ ಬರೀ ಬೈಂಡಿಂಗ್ ಸಾಕು, ಆ ಲಾಟೇ ಹ್ಯಾಂಡ್ಲರ್‌ಗೆ ತಲುಪುತ್ತದೆ. ಡಿಲೀಟ್‌ಕಮಾಂಡ್ ಪಬ್ಲಿಕ್ ಪ್ರಾಪರ್ಟಿಯೇ ಆಗಿರಬೇಕು, ಫೀಲ್ಡ್ ಆದರೆ ಬೈಂಡಿಂಗ್‌ಗೆ ಕಾಣದು.

ಇಷ್ಟಾದ ಮೇಲೆ ಬಟನ್ ಮಂಕಾಗಿಯೇ ಉಳಿದರೆ, ಕಮಾಂಡ್ ಈಗ ಓಡಬಹುದೇ ಎಂದು ಹೇಳುವ ಕ್ಯಾನ್‌ಎಕ್ಸಿಕ್ಯೂಟ್ ನೋಡಿ. ಕ್ಯಾನ್‌ಎಕ್ಸಿಕ್ಯೂಟ್‌ಚೇಂಜ್ಡ್ ಈವೆಂಟ್ ಎಬ್ಬಿಸದಿದ್ದರೆ ಬಟನ್ ಮತ್ತೆ ಕೇಳುವುದಿಲ್ಲ. ಅದನ್ನು ಕಮಾಂಡ್‌ಮ್ಯಾನೇಜರ್‌ನ ರಿಕ್ವೆರಿಸಜೆಸ್ಟೆಡ್ ಈವೆಂಟಿಗೆ ಜೋಡಿಸುವುದು ಸುಲಭದ ದಾರಿ. ಆದರೆ ರಿಕ್ವೆರಿಸಜೆಸ್ಟೆಡ್ ಏಳುವುದು ಫೋಕಸ್ ಬದಲಾದಾಗ, ಕೀಲಿ ಅಥವಾ ಮೌಸ್ ಒತ್ತಿ ಬಿಟ್ಟಾಗ. ತೂಕದ ಯಂತ್ರದಿಂದ ಹಿನ್ನೆಲೆ ಥ್ರೆಡ್‌ನಲ್ಲಿ ಅಂಕಿ ಬಂದರೆ ಅದಕ್ಕೆ ತಿಳಿಯುವುದಿಲ್ಲ. ಆಗ ಡಿಸ್ಪ್ಯಾಚರ್ ಮೂಲಕ ಯುಐ (ಪರದೆಯ) ಥ್ರೆಡ್‌ಗೆ ಬಂದು ಇನ್‌ವ್ಯಾಲಿಡೇಟ್‌ರಿಕ್ವೆರಿಸಜೆಸ್ಟೆಡ್ ಕರೆಯಿರಿ.

ಬಲಕ್ಲಿಕ್ ಮೆನುವಿಗೆ ಈ ಆನ್ಸೆಸ್ಟರ್ ಉಪಾಯ ನಡೆಯದು. ಆ ಮೆನು, ಅಂದರೆ ಕಾಂಟೆಕ್ಸ್ಟ್‌ಮೆನು, ಬೇರೆಯೇ ವಿಷುಯಲ್ ಟ್ರೀ (ಪರದೆಯ ಅಂಶಗಳ ಮರ), ಅಲ್ಲಿ ಪ್ಲೇಸ್‌ಮೆಂಟ್‌ಟಾರ್ಗೆಟ್ (ಮೆನು ಯಾವ ಅಂಶದ ಮೇಲೆ ತೆರೆಯಿತೋ ಅದು) ಮೂಲಕ ಹೋಗಬೇಕು.